1.2 ವೋಲ್ಟ್ ಎಲ್ಲಿ ಹೋಯ್ತು? ಬಿಸಿತಂತಿ ಬಿಲ್ಲಿನ ಮೂರನೇ ವಾರ

ಸಿಕ್ತು. ಮೂರು ವಾರದಿಂದ ನನ್ನ ನಿದ್ದೆ ಕೆಡಿಸಿದ ಕಳ್ಳ ಶನಿವಾರ ಸಿಕ್ಕಿಬಿದ್ದ. ಅವನು ನನ್ನ ಕಣ್ಣೆದುರೇ, ತಂತಿಯ ತುದಿ ಹಿಡಿದು ಎಳೆಯುತ್ತಾ ನಿಂತಿದ್ದ. ಬೈಯೋಣ ಅಂದ್ರೆ ಅವನನ್ನ ಅಲ್ಲಿ ನಿಲ್ಲಿಸಿದವನೂ ನಾನೇ.

ಹೊಸಬರಿಗೆ ಒಂದೆರಡು ಮಾತು. ಮಾಡ್ತಿರೋದು ಥರ್ಮೋಕೋಲ್ ಕೊಯ್ಯೋ ಬಿಸಿತಂತಿ ಬಿಲ್ಲು. ಕೈಯಲ್ಲಿ ಎಸೆಯೋ ಗ್ಲೈಡರಿನ ರೆಕ್ಕೆ ಕೊಯ್ಯೋಕೆ. ಒಂದು ರೆಕ್ಕೆ 25 ಸೆಂಟಿಮೀಟರ್, ತಂತಿ 30 ಸೆಂಟಿಮೀಟರ್, ಕರೆಂಟಿಗೆ ಒಂದೇ ಒಂದು 18650 ಸೆಲ್ (ಲ್ಯಾಪ್‌ಟಾಪ್ ಪ್ಯಾಕಿನೊಳಗೆ ಇರೋ ಲಿಥಿಯಂ ಸೆಲ್). ಸರ್ಕ್ಯೂಟ್ ಬೋರ್ಡ್ ಇಲ್ಲ, ರೆಗ್ಯುಲೇಟರ್ ಇಲ್ಲ. ಸೆಲ್, ಒತ್ತೋ ಗುಂಡಿ, ತಂತಿ, ಅಷ್ಟೇ. ಗುಂಡಿ ಒತ್ತಿದ್ರೆ ಬಿಸಿ, ಬಿಟ್ರೆ ತಣ್ಣಗೆ.

ಇದನ್ನ ಕಲಿತದ್ದು ಎಲ್ಲಿಂದ ಅಂತ ಹೇಳಿದ್ರೆ ನಗ್ತೀರಿ. ಹೊರದೇಶದಲ್ಲಿ ತಾವೇ ಕಾಯಿಲ್ ಸುತ್ತಿ, ಹತ್ತಿ ತುರುಕಿ, ಮೆಕ್ಯಾನಿಕಲ್ ಮಾಡ್ ಅನ್ನೋ ಹಿತ್ತಾಳೆ ಕೊಳವೆಗೆ ಸಿಕ್ಕಿಸಿ ಹೊಗೆ ಬಿಡೋ ಇ-ಸಿಗರೇಟ್ ಮಂದಿ ಇದ್ದಾರಲ್ಲ, ಅವರಿಂದ. ನಮ್ಮಲ್ಲಿ ಆ ಸಾಮಾನು 2019ರ ಕಾಯ್ದೆಯಿಂದ ಪೂರ್ತಿ ಬಂದ್. ತಯಾರಿ, ಮಾರಾಟ, ಜಾಹೀರಾತು ಯಾವುದೂ ಇಲ್ಲ. ನನಗೆ ಅದರ ಆಸೆಯೂ ಇಲ್ಲ, ಬಳ್ಳಾರಿಯಲ್ಲಿ ಉಸಿರಾಡೋಕೆ ಧೂಳೇ ಬೇಕಾದಷ್ಟಿದೆ. ಆದ್ರೆ ತಂತಿ, ಸೆಲ್, ಸ್ವಿಚ್ ಇವುಗಳ ಲೆಕ್ಕದಲ್ಲಿ ಅವರಷ್ಟು ತಲೆ ಕೆಡಿಸಿಕೊಂಡವರು ಕಡಿಮೆ. ಕೆಡಿಸಿಕೊಳ್ಳಲೇಬೇಕು: 0.2 ಓಮ್ ಕಾಯಿಲಿಗೆ ಪೂರ್ತಿ ತುಂಬಿದ 4.2 ವೋಲ್ಟ್ ಸೆಲ್ ಹಾಕಿದ್ರೆ 21 ಆಂಪ್. ನಡುವೆ ‘ಸಾಕು’ ಅನ್ನೋ ಸರ್ಕ್ಯೂಟ್ ಇಲ್ಲ. ಲೆಕ್ಕ ತಪ್ಪಿದ್ರೆ ಸೆಲ್ಲೇ ಪಟಾಕಿ, ಅದೂ ಮುಖದ ಹತ್ತಿರ. ನಂದು 2 ಓಮ್, 2 ಆಂಪ್, ಸಾಧು ಪ್ರಾಣಿ.

ಈಗ ತಂತಿಯ ಪುರಾಣ. ಆನ್‌ಲೈನಲ್ಲಿ ‘26 ಗೇಜ್ ನೈಕ್ರೋಮ್’ ಅಂತ ತರಿಸಿದೆ. ಹತ್ತು ದಿನ ಕಾಯಿಸಿ ಕಳಿಸಿದ ಸುರುಳಿಗೆ ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಹಿಡಿದೆ, ಗಪ್ಪಂತ ಅಂಟಿಕೊಳ್ತು. ನೈಕ್ರೋಮ್ ಅಂದ್ರೆ ನಿಕ್ಕಲ್ಲು, ಕ್ರೋಮಿಯಂ, ಮ್ಯಾಗ್ನೆಟ್ಟಿಗೆ ಸೊಪ್ಪು ಹಾಕಲ್ಲ. ಅಂಟ್ತು ಅಂದ್ರೆ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಕಾಂತಾಲ್ ಜಾತಿಯದ್ದು. ಕೆಟ್ಟದ್ದೇನಲ್ಲ, ಇನ್ನೂ ಹೆಚ್ಚಿನ ಬಿಸಿ ತಡೆಯುತ್ತೆ. ಆದ್ರೆ ಅಷ್ಟೇ ದಪ್ಪಕ್ಕೆ ಅದರ ರೆಸಿಸ್ಟೆನ್ಸ್ ಮೂರನೇ ಒಂದರಷ್ಟು ಜಾಸ್ತಿ, ನನ್ನ ಲೆಕ್ಕವೆಲ್ಲ ತಲೆಕೆಳಗು. ಮಾರಿದವನಿಗೆ ಬರೆದೆ. ‘ಹೀಟ್ ಆಗುತ್ತಲ್ಲ ಸಾರ್?’ ಅಂತ ಉತ್ತರ ಬಂತು. ಆಗುತ್ತಪ್ಪಾ. ಮೇ ತಿಂಗಳಲ್ಲಿ ನಮ್ಮೂರಿನ ಗುಡ್ಡಾನೂ ಹೀಟ್ ಆಗುತ್ತೆ, ಅದನ್ನ ನೈಕ್ರೋಮ್ ಅಂತ ಮಾರ್ತೀಯಾ?

ಕೊನೆಗೆ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಅಸಲಿ ನೈಕ್ರೋಮ್ ಸಿಕ್ತು. ಅದೂ 26 ಗೇಜೇ. ಅಮೆರಿಕದ ಟೇಬಲ್ ನೋಡಿ 30 ಸೆಂಟಿಮೀಟರಿಗೆ ಎರಡೂವರೆ ಓಮ್ ಅಂತ ಲೆಕ್ಕ ಹಾಕಿದ್ದೆ. ಮೀಟರ್ 2.3 ತೋರಿಸ್ತು. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದ್ರೆ ಅದೇ 0.3 ತೋರಿಸುತ್ತೆ, ಕಳೆದ್ರೆ ಬರೀ 2. ಅರ್ಧ ಓಮ್ ಎಲ್ಲಿ ಹೋಯ್ತು ಅಂತ ಒಂದು ಸಂಜೆ ಹಾಳು. ಸ್ಕ್ರೂ ಗೇಜಲ್ಲಿ ಹಿಡಿದ್ರೆ ದಪ್ಪ 0.46 ಮಿಲಿಮೀಟರ್. ನಮ್ಮ ಅಂಗಡಿಯವರ ಗೇಜ್ ಬ್ರಿಟಿಷರ ಕಾಲದ್ದು, 26 ಅಂದ್ರೆ 0.457. ಅಮೆರಿಕದವರ 26 ಅಂದ್ರೆ 0.405. ನಂಬರ್ ಒಂದೇ, ತಂತಿ ಬೇರೆ. ರಿವೈಂಡಿಂಗ್ ಮಾಡೋರಿಗೆ ಇದು ಬಾಯಿಪಾಠ, ನನಗೆ ಯಾರೂ ಹೇಳ್ಲಿಲ್ಲ. ನಿಮಗೆ ಹೇಳ್ತಿದ್ದೀನಿ: ಗೇಜ್ ಕೇಳಬೇಡಿ, ಮಿಲಿಮೀಟರ್ ಕೇಳಿ.

ಆಮೇಲೆ ಅಸಲಿ ಗೋಳು.

ಒಂದು ಸೆಲ್, 2 ಓಮ್ ತಂತಿ. 4.1 ವೋಲ್ಟಿಗೆ 8.4 ವ್ಯಾಟ್ ಬರಬೇಕು. ಥರ್ಮೋಕೋಲಿಗೆ ಅಷ್ಟು ಸಾಕು, ಬೆಣ್ಣೆಯಲ್ಲಿ ಕೂದಲು ಎಳೆದಂಗೆ ಹೋಗಬೇಕು. ನಂದು ಹೋಗಿದ್ದು ಮಣ್ಣಿನ ರಸ್ತೆಯಲ್ಲಿ ಎತ್ತಿನ ಗಾಡಿ ಹೋದಂಗೆ. ಎರಡು ತುದಿ ಮುಂದೆ, ನಡುಭಾಗ ಹಿಂದೆ. ಕೊಯ್ದ ಮೈಯೆಲ್ಲ ತರಿತರಿ. ರೆಕ್ಕೆಯ ಹಿಂದಿನ ಅಂಚು ತೆಳ್ಳಗೆ ಬರಬೇಕಲ್ಲ, ಅಲ್ಲಿ ಕಾಳುಕಾಳಾಗಿ ಉದುರಿ ಇಲಿ ಕಡಿದಂಗಾಗಿತ್ತು. ಅಕ್ಕನ ಮಗ ನೋಡಿ, ‘ಮಾಮಾ, ಇದು ಹಾರುತ್ತಾ ಅಥವಾ ಮೇಯುತ್ತಾ?’ ಅಂದ.

ಸೆಲ್ ಸತ್ತಿದೆ ಅಂದುಕೊಂಡೆ. ಹಳೇ ಲ್ಯಾಪ್‌ಟಾಪಿನ ಪ್ಯಾಕಿಂದ ಬಿಚ್ಚಿದ ಆರರಲ್ಲಿ ಎರಡು ಒಂದು ವೋಲ್ಟಿಗಿಂತ ಕೆಳಗಿದ್ವು, ಅವನ್ನ ಚಾರ್ಜ್ ಮಾಡೋ ಹುಚ್ಚಿಗೆ ಹೋಗದೆ ಆಗಲೇ ತೆಗೆದಿಟ್ಟಿದ್ದೆ. ಉಳಿದ ನಾಲ್ಕನ್ನೂ ಒಂದೊಂದಾಗಿ ಹಾಕಿ ನೋಡಿದೆ. ಗುಂಡಿ ಒತ್ತಿ ಸೆಲ್ ಮೇಲೆ ಮೀಟರ್ ಇಟ್ರೆ ಎಲ್ಲವೂ 4.1 ಚಿಲ್ಲರೆ. ಸೆಲ್ ಗಟ್ಟಿಮುಟ್ಟು, ತಂತಿ ಸರಿ, ಆದ್ರೂ ಬಿಸಿ ಇಲ್ಲ.

ಆಗ ಎಲ್ಲರೂ ಮಾಡೋ ತಪ್ಪನ್ನೇ ಮಾಡಿದೆ. ಕಾರಣ ಹುಡುಕೋ ಬದಲು ಎರಡನೇ ಸೆಲ್ ಸೀರೀಸಲ್ಲಿ ಸೇರಿಸಿದೆ. 8.2 ವೋಲ್ಟ್. ತಂತಿಗೆ ಭರ್ಜರಿ ಶಾಖ ಬಂತು, ಥರ್ಮೋಕೋಲ್ ಕೊಯ್ಯೋದು ಬಿಟ್ಟು ಎರಡೂ ಕಡೆ ಕರಗಿ ಹಿಂದೆ ಸರಿಯಿತು. ಅರ್ಧ ನಿಮಿಷ ಆಗಿರಬಹುದು, ಸುಟ್ಟ ಎಣ್ಣೆ ವಾಸನೆ. ತಂತಿ ಇದ್ದಕ್ಕಿದ್ದಂಗೆ ಸಡಿಲಾಗಿ ಜೋತುಬಿತ್ತು. ನೋಡಿದ್ರೆ ತಂತಿಯನ್ನ ಬಿಗಿಯಾಗಿ ಹಿಡಿಯೋಕೆ ಅಂತ ಬಿಲ್ಲಿನ ಒಂದು ತುದಿಗೆ ಹಾಕಿದ್ದ ಸ್ಪ್ರಿಂಗ್, ಹಳೇ ಟೇಪ್ ರೆಕಾರ್ಡರ್ ಬಿಚ್ಚಿದಾಗ ಸಿಕ್ಕಿದ್ದು, ನೀಲಿ ಬಣ್ಣಕ್ಕೆ ತಿರುಗಿ, ಬೇಯಿಸಿದ ಶಾವಿಗೆ ಥರ ಉದ್ದಕ್ಕೆ ಬಿದ್ದಿದೆ. ಎಳೆದ್ರೆ ಬರುತ್ತೆ, ವಾಪಸ್ ಹೋಗಲ್ಲ.

ಸ್ಪ್ರಿಂಗ್ ಯಾಕೆ ಬೇಕು ಅಂತ ಕೇಳ್ತೀರಿ. 30 ಸೆಂಟಿಮೀಟರ್ ನೈಕ್ರೋಮ್ 200 ಡಿಗ್ರಿ ಬಿಸಿಯಾದ್ರೆ ಸುಮಾರು 0.8 ಮಿಲಿಮೀಟರ್ ಉದ್ದ ಆಗುತ್ತೆ. ಕಣ್ಣಿಗೆ ಕಾಣಲ್ಲ, ಆದ್ರೆ ಬಿಗಿಯಾಗಿ ಕಟ್ಟಿದ ತಂತಿ ಜೋಲು ಬೀಳೋಕೆ ಅಷ್ಟು ಸಾಕು. ಆ ಉದ್ದವನ್ನ ಎಳೆದುಕೊಳ್ಳೋಕೆ ಸ್ಪ್ರಿಂಗ್. ಅದು ಸತ್ತಾಗಲೂ ನನ್ನ ತಲೆಗೆ ಹೊಳೀಲಿಲ್ಲ ನೋಡಿ. ‘ಎರಡು ಸೆಲ್ ಹಾಕಿದ್ದಕ್ಕೆ ಹೀಗಾಯ್ತು’ ಅಂತ ತೀರ್ಮಾನಿಸಿ, ಅದೇ ಅಳತೆಯ ಇನ್ನೊಂದು ಸ್ಪ್ರಿಂಗ್ ಹಾಕಿ ಮತ್ತೆ ಒಂದು ಸೆಲ್ಲಿಗೆ ಬಂದೆ. ಮತ್ತೆ ಎತ್ತಿನ ಗಾಡಿ.

ಶನಿವಾರ ಸ್ಕೂಟರಿನ ಸೆಲ್ಫ್ ಸ್ಟಾರ್ಟ್ ತೋರಿಸೋಕೆ ಕೌಲ್ ಬಜಾರಿನ ಆಟೋ ಎಲೆಕ್ಟ್ರಿಕ್ ಚಾಚಾ ಹತ್ತಿರ ಹೋಗಿದ್ದೆ. ಗಾಡಿ ಬಿಟ್ಟು ಬಿಲ್ಲಿನ ಕಥೆ ಶುರುಮಾಡಿದೆ. ಅವರು ಒಂದು ಲಾರಿಯ ಸ್ಟಾರ್ಟರ್ ಬಿಚ್ಚುತ್ತಾ ಕೂತಿದ್ರು, ತಲೆ ಎತ್ತಲಿಲ್ಲ.

‘ಬ್ಯಾಟ್ರಿ ಮ್ಯಾಲೆ ಮೀಟರ್ ಇಟ್ಟಿ. ತಂತಿ ಮ್ಯಾಲೆ ಇಟ್ಟಿಯೇನು?’

ಇಟ್ಟಿರಲಿಲ್ಲ.

‘ಸ್ಟಾರ್ಟರ್ ತಿರುಗಲಿಲ್ಲ ಅಂದ್ರೆ ಎಲ್ಲಾರೂ ಬ್ಯಾಟ್ರಿ ಬದಲಿ ಮಾಡ್ತಾರ. ನಾನು ಟರ್ಮಿನಲ್ ಮುಟ್ಟಿ ನೋಡ್ತೀನಿ. ಎಲ್ಲಿ ಬಿಸಿ ಐತೋ, ಕರೆಂಟು ಅಲ್ಲೇ ಕೂತು ಊಟ ಮಾಡಕತ್ತೈತಿ ಅಂತ ಅರ್ಥ, ತಮ್ಮಾ.’

ಸ್ಕೂಟರ್ ಅಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಬಂದೆ. ಅಕ್ಕನ ಮಗ ಗುಂಡಿ ಒತ್ತಿ ಹಿಡಿದ, ನಾನು ಮೀಟರಿನ ಕಡ್ಡಿ ಹಿಡಿದು ಒಂದೊಂದೇ ಜಾಯಿಂಟಿನ ಆಚೆ ಈಚೆ ಇಟ್ಟು ನೋಡಿದೆ. ಸೆಲ್ ಮೇಲೆ 4.1. ತಂತಿಯ ಎರಡು ತುದಿಯಲ್ಲಿ 2.9! ಉಳಿದ 1.2 ವೋಲ್ಟ್ ದಾರಿಯಲ್ಲೇ ಪರಭಾರೆ. ಸೆಲ್ ಹೋಲ್ಡರಿನ ತುಕ್ಕು ಸ್ಪ್ರಿಂಗ್ 0.16 ತಿಂದಿತ್ತು. ಹತ್ತು ರೂಪಾಯಿ ಸ್ವಿಚ್ 0.20. ಮೊಸಳೆ ಕ್ಲಿಪ್ಪಿನ ವೈರ್ ಎರಡೂ ಸೇರಿ 0.32 (ಬಣ್ಣದ ತೊಗಟೆ ಸುಲಿದು ನೋಡಿ, ಒಳಗೆ ಕೂದಲಿನಂಥ ನಾಲ್ಕು ಎಳೆ, ಅದೂ ಬೆಸುಗೆ ಇಲ್ಲ, ಬರೀ ಮಡಚಿ ಒತ್ತಿರ್ತಾರೆ). ಇನ್ನುಳಿದ 0.52 ವೋಲ್ಟ್ ಪೂರ್ತಿ ಆ ಬಿಗಿ ಸ್ಪ್ರಿಂಗಿನ ಪಾಲು. ಬೆರಳಿಟ್ಟೆ, ಚುರ್ ಅಂತು. ಚಾಚಾ ಹೇಳಿದ ಊಟದ ಮನೆ ಇದೇ.

ಮರದ ಬಿಲ್ಲಿನಲ್ಲಿ ತಂತಿಯ ತುದಿ ಸ್ಪ್ರಿಂಗಿಗೆ ಕಟ್ಟಿ, ಸ್ಪ್ರಿಂಗಿನ ಇನ್ನೊಂದು ತುದಿಗೆ ಕ್ಲಿಪ್ ಹಾಕಿದ್ದೆ. ಅಂದ್ರೆ ಕರೆಂಟೆಲ್ಲ ಸ್ಪ್ರಿಂಗಿನ ಸುತ್ತು ಸುತ್ತಿಕೊಂಡೇ ಬರಬೇಕು. ಸಣ್ಣ ಸ್ಪ್ರಿಂಗ್ ಅಂತ ಕಾಣುತ್ತೆ, ಬಿಚ್ಚಿ ಎಳೆದ್ರೆ ಅರ್ಧ ಮೊಳ ತೆಳು ಉಕ್ಕಿನ ತಂತಿ. 0.36 ಓಮ್. ಒಂದು ಸೆಲ್ಲಿಗೆ ಮುಕ್ಕಾಲು ವ್ಯಾಟ್ ತಿಂತಿತ್ತು, ಎರಡು ಸೆಲ್ ಹಾಕಿದಾಗ ಸುಮಾರು 3 ವ್ಯಾಟ್. ಅದಕ್ಕೇ ಉಕ್ಕಿನ ಹದ ಹೋಗಿ ಶಾವಿಗೆ ಆಗಿದ್ದು. ಇನ್ನು ವೋಲ್ಟ್ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ಹೋಯ್ತು, ಅಷ್ಟೇ ತಾನೇ ಅಂದುಕೊಳ್ಳಬೇಡಿ. ವ್ಯಾಟ್ ವೋಲ್ಟಿನ ವರ್ಗದ ಲೆಕ್ಕ. 4.1ಕ್ಕೆ 8.4 ವ್ಯಾಟ್, 2.9ಕ್ಕೆ 4.2. ಸರಿಯಾಗಿ ಅರ್ಧ!

ನಾಚಿಕೆ ಏನಂದ್ರೆ, ಆ ಮೆಕ್ಯಾನಿಕಲ್ ಮಾಡ್ ಮಂದಿ ಇದನ್ನೇ ತಲೆ ಚಚ್ಚಿಕೊಂಡು ಬರೆದಿದ್ದಾರೆ. ಅವರ ಗುಂಡಿಯ ಅಡಿಯಲ್ಲಿ ಹಾಟ್ ಸ್ಪ್ರಿಂಗ್ ಅಂತ ಬರುತ್ತೆ. ಶಾರ್ಟ್ ಆದ್ರೆ ಕಾದು ಕುಸಿದು ಸಂಪರ್ಕ ತಪ್ಪಿಸಲಿ ಅಂತಲೇ ಇಟ್ಟಿರೋದು. ವೋಲ್ಟ್ ನಷ್ಟ ಆಗುತ್ತೆ ಅಂತ ಕೆಲವರು ಗುಂಡಿಯ ಸ್ಪ್ರಿಂಗನ್ನೇ ಕಿತ್ತು ಒಂದನ್ನೊಂದು ದೂಡೋ ಮ್ಯಾಗ್ನೆಟ್ ಹಾಕ್ತಾರೆ, ಸಂಪರ್ಕದ ಜಾಗಕ್ಕೆ ಬೆಳ್ಳಿ ಲೇಪ ಕೊಡಿಸ್ತಾರೆ, ವಾರಕ್ಕೊಮ್ಮೆ ಉಜ್ಜುತ್ತಾರೆ. ಇದನ್ನೆಲ್ಲ ಓದಿ ‘ಶೋಕಿ ಜನ’ ಅಂತ ನಕ್ಕಿದ್ದೆ.

ಸೋಮವಾರ ಸ್ಕೂಟರ್ ತರೋಕೆ ಹೋದಾಗ ಚಾಚಾ ಮೂರು ಸಾಮಾನು ಕೊಟ್ರು. ಒಂದು, ಲಾರಿ ಸ್ಟಾರ್ಟರಿನ ಸವೆದ ಕಾರ್ಬನ್ ಬ್ರಷ್. ಕಾರ್ಬನ್ ಬೇಡ, ಅದರ ಬಾಲ ಬೇಕು: ಜಡೆ ಹೆಣೆದಂಥ ಮೆತ್ತನೆಯ ತಾಮ್ರ, ನೂರಾರು ಆಂಪ್ ಕುಡಿದು ಬೆಳೆದದ್ದು, ಎಷ್ಟು ಬಾಗಿಸಿದ್ರೂ ಮುರಿಯಲ್ಲ. ಎರಡು, ಹಿತ್ತಾಳೆ ಪಟ್ಟಿಯ ಹಾರ್ನ್ ಗುಂಡಿ. ಮೂರು, 5 ಆಂಪಿನ ಕಾರ್ ಫ್ಯೂಸು, ಹೋಲ್ಡರ್ ಸಮೇತ. ‘ಬ್ಯಾಟ್ರಿ ಹತ್ರಾನೇ ಹಾಕು, ದೂರ ಹಾಕಿದ್ರೆ ಉಪ್ಯೋಗಿಲ್ಲ.’ ದುಡ್ಡು ಕೇಳಿದ್ದಕ್ಕೆ ‘ಇಮಾನ ಹಾರಿಸಿ ತೋರಿಸು’ ಅಂದ್ರು.

ಈಗ ಸ್ಪ್ರಿಂಗ್ ಬರೀ ಎಳೆಯೋ ಕೂಲಿ. ತಾಮ್ರದ ಜಡೆಯ ಒಂದು ತುದಿಯನ್ನ ನೈಕ್ರೋಮ್ ತುದಿಯ ಜತೆ ಹಿತ್ತಾಳೆ ಕನೆಕ್ಟರಲ್ಲಿ ಸ್ಕ್ರೂ ಹಾಕಿ ಬಿಗಿದೆ (ನೈಕ್ರೋಮಿಗೆ ಮಾಮೂಲಿ ಬೆಸುಗೆ ಹಿಡಿಯಲ್ಲ, ಜೀವ ತೇಯಬೇಡಿ). ಇನ್ನೊಂದು ತುದಿ ಸೀದಾ ಗುಂಡಿಗೆ. ಜಡೆ ಸ್ವಲ್ಪ ಸಡಿಲ ಬಿಟ್ಟಿದ್ದೀನಿ, ಸ್ಪ್ರಿಂಗ್ ಎಳೆದ್ರೂ ಅಡ್ಡ ಬರಲ್ಲ. ಮೊಸಳೆ ಕ್ಲಿಪ್ಪುಗಳು ಕಸದ ಬುಟ್ಟಿಗೆ. ಹೋಲ್ಡರಿಗೆ ಮರಳು ಕಾಗದ. ಗುಂಡಿ ಒತ್ತಿ ಅಳೆದೆ: ಸೆಲ್ ಮೇಲೆ 3.98, ತಂತಿ ಮೇಲೆ 3.83. ಬರೀ 0.15 ನಷ್ಟ. 7 ವ್ಯಾಟಿನ ಮೇಲೆ. ಸ್ಪ್ರಿಂಗ್ ಮುಟ್ಟಿದೆ, ಬಾವಿ ನೀರಿನಷ್ಟು ತಣ್ಣಗೆ.

ಕೊಯ್ತದ ಸದ್ದು ನೀವು ಕೇಳಬೇಕಿತ್ತು. ತರಿತರಿ ಇಲ್ಲ, ಕರಕರ ಇಲ್ಲ, ರೇಷ್ಮೆ ಸೀರೆ ಜಾರಿದಂಗೆ ಸಣ್ಣ ‘ಸ್’ ಅಷ್ಟೇ. ಕಿಟಕಿ ತೆಗೆದಿಟ್ಟು, ಫ್ಯಾನ್ ಹೊರಗಡೆ ಮುಖ ಮಾಡಿ ಕೊಯ್ರಿ, ಕರಗಿದ ಥರ್ಮೋಕೋಲಿನ ಹೊಗೆ ಒಳ್ಳೇದಲ್ಲ. ನಂದು ಫ್ರಿಜ್ ಪ್ಯಾಕಿಂಗಿನ ದಪ್ಪ ತುಂಡು. ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ನಿಷೇಧ ಆದಮೇಲೆ ನಾನು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಹಿಂದಿನ ಬಾಗಿಲಿನ ಗಿರಾಕಿ.

ಈ ಪ್ಯಾಕಿಂಗ್ ಗುಡ್ಡೆ ನೋಡ್ತಾ ಇನ್ನೊಂದು ಹುಳ ತಲೆಗೆ ಹೊಕ್ಕಿದೆ. ಥರ್ಮೋಕೋಲಲ್ಲಿ ಅಚ್ಚು ಕೊಯ್ದು, ಒಣ ಮರಳಲ್ಲಿ ಹೂತು, ಮೇಲಿಂದ ಕರಗಿದ ಅಲ್ಯೂಮಿನಿಯಂ ಸುರಿದ್ರೆ ಥರ್ಮೋಕೋಲ್ ಆವಿಯಾಗಿ ಆ ಜಾಗದಲ್ಲಿ ಲೋಹ ಕೂರುತ್ತೆ. ಬಿಲ್ಲಿಗೆ ಅಲ್ಯೂಮಿನಿಯಂ ಹಿಡಿ ಎರಕ ಹೊಯ್ಯಬಹುದು. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ, ಇದ್ದಿಲು ಮತ್ತು ಹೇರ್ ಡ್ರೈಯರ್ ಸಾಕು. ಮನೆಯಲ್ಲಿ ಒಂದು ಹಳೇ ಕುಕ್ಕರ್ ಮುಚ್ಚಳ ಇದೆ. ಅದು ಹಳೇದು ಅನ್ನೋ ವಿಷಯದಲ್ಲಿ ನನಗೂ ಹೆಂಡತಿಗೂ ಒಮ್ಮತ ಇಲ್ಲ.

ರೆಕ್ಕೆಗೆ ಬರೋಣ. ಬುಡ 12 ಸೆಂಟಿಮೀಟರ್, ತುದಿ 9, ಮುಂದಿನ ಅಂಚು ನೇರ. ಬಡಗಿ ಬಿಟ್ಟುಹೋದ ಸನ್‌ಮೈಕಾ ಚೂರಿನಲ್ಲಿ ಕ್ಲಾರ್ಕ್ ವೈ ಅನ್ನೋ ರೆಕ್ಕೆ ಆಕಾರದ ಎರಡು ಅಚ್ಚು, ತಂತಿ ಅವುಗಳ ಅಂಚಿನ ಮೇಲೆ ಜಾರಬೇಕು, ಎರಡರ ಮೇಲೂ ಒಂದರಿಂದ ಹತ್ತು ಗುರುತು. ಬುಡದ ಕಡೆ ನಾನು, ತುದಿಯ ಕಡೆ ಅಕ್ಕನ ಮಗ. ಅವನದ್ದು ಕಡಿಮೆ ದೂರ, ಅದಕ್ಕೆ ನಿಧಾನ ಬರಬೇಕು. ‘ಒಂದು... ಎರಡು...’ ಅಂತ ಜೋರಾಗಿ ಎಣಿಸುತ್ತಾ ಎರಡೂ ತುದಿ ಒಟ್ಟಿಗೆ ಹತ್ತಕ್ಕೆ ಮುಟ್ಟಿಸಬೇಕು. ಪಕ್ಕದ ಮನೆ ಅಜ್ಜಿ ಹುಡುಗನಿಗೆ ಮಗ್ಗಿ ಕಲಿಸ್ತಿದ್ದಾರೆ ಅಂದುಕೊಂಡರಂತೆ.

ಮೊದಲನೇ ರೆಕ್ಕೆ ಎಷ್ಟು ಚೆಂದ ಬಂತು ಅಂದ್ರೆ, ಹಿಂದಿನ ಅಂಚಿನಲ್ಲಿ ಬೆಳಕು ಆಚೆಯಿಂದ ಕಾಣ್ತಿತ್ತು. ಆ ಖುಷಿಯಲ್ಲೇ, ಅಚ್ಚು ಕೂಡ ಬಿಚ್ಚದೆ, ಎರಡನೇ ತುಂಡು ಇಟ್ಟು ಕೊಯ್ದೆವು. ಅದೂ ಅಷ್ಟೇ ಚೆಂದ. ಒಂದರ ಮೇಲೊಂದು ಇಟ್ಟೆ, ಅಂಚಿಗೆ ಅಂಚು ಕೂತ್ವು, ಒಂದು ಕೂದಲಿನ ವ್ಯತ್ಯಾಸ ಇಲ್ಲ. ಹುಡುಗ ಸುಮ್ಮನೆ ನೋಡ್ತಿದ್ದ.

‘ಮಾಮಾ, ಎರಡೂ ಎಡದ ರೆಕ್ಕೇನೇ ಅಲ್ವಾ?’

ಹೌದು. ಫ್ರಿಜ್ಜಿನ ತುಂಡು ಮುಗಿದಿದೆ. ನಾಳೆ ಬೆಂಗಳೂರು ರೋಡಿನ ಅಂಗಡಿಗಳ ಹಿಂದಿನ ಬಾಗಿಲಿಗೆ ಹೋಗ್ಬೇಕು.