ಅಟ್ಟದಿಂದ ಇಳಿಸಿದ ಸ್ಪೀಕರ್ ಜೋಡಿ ಮತ್ತು ತಂಬೂರಿಯ ಜೀವಾಳ

ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ಚಿಕ್ಕಪ್ಪನ ಮನೆಯ ಅಟ್ಟದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಕಳೆದ ವರ್ಷದ ಯುಗಾದಿಯ ಮಾರನೆಯ ದಿನ ನಾನು ಕೆಳಗಿಳಿಸಿದೆ. ಚಿಕ್ಕಪ್ಪ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. "ತಗೊಂಡು ಹೋಗಪ್ಪಾ, ಇಲ್ಲೇ ಬಿಟ್ಟರೆ ಗೆದ್ದಲಿನ ಪಾಲಾಗತ್ತೆ" ಎಂದು ಚಿಕ್ಕಮ್ಮ ಅದಕ್ಕೂ ಮೊದಲು ಎರಡು ಮೂರು ಸಲ ಹೇಳಿದ್ದರು. ಎರಡಡಿ ಎತ್ತರದ, ಪ್ಲೈವುಡ್ಡಿನ ಮೇಲೆ ತೇಗದ ತೆಳುಹಾಳೆ ಅಂಟಿಸಿದ, ಒಂದೊಂದರಲ್ಲೂ ಮಂದ್ರದ ಸದ್ದಿಗೆ ಎಂಟಂಗುಲದ ಒಂದು ವೂಫರ್ ಮತ್ತು ತಾರದ ಸದ್ದಿಗೆ ಬಟ್ಟೆಯ ಗುಮ್ಮಟವಿರುವ ಒಂದು ಟ್ವೀಟರ್ ಇದ್ದ ಆ ಜೋಡಿಯನ್ನು ಚಿಕ್ಕಪ್ಪ 1979ರಲ್ಲಿ ಕೊಂಡಿದ್ದರು. ಹುಡುಗನಾಗಿದ್ದಾಗ ಭಾನುವಾರದ ಬೆಳಗ್ಗೆ ಅವರ ಮನೆಯ ಹಜಾರದ ತಣ್ಣನೆಯ ಕೆಂಪು ನೆಲದ ಮೇಲೆ ಮಲಗಿ ನಾನು ವೀಣೆ ಕೇಳಿದ್ದು ಈ ಪೆಟ್ಟಿಗೆಗಳಿಂದಲೇ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ 30 ವ್ಯಾಟಿನ ಪುಟ್ಟ ಪ್ರೇಷಕದಿಂದ ಬಾನುಲಿ ಪ್ರಸಾರ ಆರಂಭಿಸಿ, ಅದನ್ನು 'ಆಕಾಶವಾಣಿ' ಎಂಬ ಹೆಸರಿನಲ್ಲಿ ನಡೆಸಿದ ಮನೆ ಅಲ್ಲಿಂದ ಹೆಚ್ಚು ದೂರವಿಲ್ಲ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಚಿಕ್ಕಪ್ಪ ಅದನ್ನು ನೆನಪಿಸುತ್ತಿದ್ದರು.

ಸರಸ್ವತೀಪುರದ ನಮ್ಮ ಮನೆಗೆ ತಂದು, ಮುಂದಿನ ಬಟ್ಟೆಯ ಚೌಕಟ್ಟು ಬಿಚ್ಚಿದಾಗ ಅದುರಿ ಸದ್ದು ಹೊರಡಿಸುವ, ಆಲಿಕೆಯಾಕಾರದ ಕಾಗದದ ಕೋನಿಗೂ ವೂಫರಿನ ಲೋಹದ ಚೌಕಟ್ಟಿಗೂ ನಡುವೆ ಇರಬೇಕಾಗಿದ್ದ ಫೋಮಿನ ಬಳೆ ಮುಕ್ಕಾಲು ಪಾಲು ಉದುರಿಹೋಗಿತ್ತು. ಉಳಿದದ್ದನ್ನು ಬೆರಳಿನಿಂದ ಮುಟ್ಟಿದರೆ ಜೋನಿಬೆಲ್ಲದಂತೆ ಅಂಟಿಕೊಂಡು ಬರುತ್ತಿತ್ತು. ಇದನ್ನು ನೋಡಿದವರು ಸಾಮಾನ್ಯವಾಗಿ ಸ್ಪೀಕರ್ ಸತ್ತಿತೆಂದು ತೀರ್ಮಾನಿಸಿ ಗುಜರಿಗೆ ಹಾಕುತ್ತಾರೆ. ಆದರೆ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಬಳಸುತ್ತಿದ್ದ ಪಾಲಿಯುರೆಥೇನ್ ಫೋಮ್ ಗಾಳಿಯಲ್ಲಿನ ತೇವದಿಂದಲೂ ಆಮ್ಲಜನಕದಿಂದಲೂ ತಾನಾಗಿಯೇ ಶಿಥಿಲವಾಗುತ್ತದೆ. ಸ್ಪೀಕರನ್ನು ದಿನವೂ ಬಳಸಿದರೂ ಅಷ್ಟೆ, ಅಟ್ಟದಲ್ಲಿ ಜೋಪಾನವಾಗಿಟ್ಟರೂ ಅಷ್ಟೆ. ಕೋನು, ಅಯಸ್ಕಾಂತ, ಕೋನಿನ ಹಿಂದೆ ಅಂಟಿರುವ ತಂತಿಯ ಸುರುಳಿಯಾದ ವಾಯ್ಸ್ ಕಾಯಿಲ್ ಇವು ಮೂರೂ ಗಟ್ಟಿಯಾಗಿದ್ದರೆ ಹೊಸ ಬಳೆ ಅಂಟಿಸಿ ವೂಫರಿಗೆ ಮತ್ತೆ ಜೀವ ಕೊಡಬಹುದು.

ಹಳೆಯ ಪೆಟ್ಟಿಗೆಯನ್ನಷ್ಟೇ ಉಳಿಸಿಕೊಂಡು ಒಳಗಿನದನ್ನೆಲ್ಲ ಹೊಸದಾಗಿ ಹಾಕಿಸುವವರು ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಆ ಸ್ಪೀಕರಿನ ದನಿ ಇರುವುದು ಅದರ ಕೋನಿನ ಕಾಗದದಲ್ಲಿ ಮತ್ತು ಆ ಕೋನಿಗೆಂದೇ ಅಳತೆ ಹಾಕಿ ಮಾಡಿದ ಪೆಟ್ಟಿಗೆಯೊಳಗಿನ ಗಾಳಿಯಲ್ಲಿ. ಅವೆರಡನ್ನು ಬೇರೆ ಮಾಡಿದರೆ ಉಳಿಯುವುದು ಮರದ ಸಾಮಾನು ಮಾತ್ರ. ಆದ್ದರಿಂದ ವಯಸ್ಸಿನಿಂದ ಕೆಟ್ಟದ್ದನ್ನು ಮಾತ್ರ ಬದಲಿಸುವುದು, ಕೆಡದೆ ಇರುವುದನ್ನು ಮುಟ್ಟದಿರುವುದು, ನಮ್ಮ ಕೋಣೆಗೆ ಬೇಕಾದ ಮಾರ್ಪಾಟನ್ನು ಬೇಕೆಂದಾಗ ಹಿಂದಕ್ಕೆ ತೆಗೆಯಲು ಬರುವಂತೆ ಮಾಡುವುದು ಎಂದು ಮೊದಲೇ ನಿಶ್ಚಯಿಸಿಕೊಂಡೆ.

ಮಲ್ಟಿಮೀಟರ್ ಹಿಡಿದಾಗ ಎರಡೂ ವೂಫರ್‌ಗಳು 5.8 ಓಮ್ ತೋರಿಸಿದವು. ಎಂಟು ಓಮಿನದೆಂದು ಹೇಳುವ ಸ್ಪೀಕರಿನ ಕಾಯಿಲು ನೇರ ವಿದ್ಯುತ್ತಿಗೆ ಸುಮಾರು ಆರು ಓಮ್ ತೋರಿಸುವುದು ಸಹಜ, ಹಾಗಾಗಿ ಕಾಯಿಲುಗಳು ಸುಟ್ಟಿಲ್ಲವೆಂದು ಖಾತ್ರಿಯಾಯಿತು. ಬಳಿಕ 1.5 ವೋಲ್ಟಿನ ಪೆನ್‌ಸೆಲ್ಲಿನ ಧನ ತುದಿಯನ್ನು ಪೆಟ್ಟಿಗೆಯ ಹಿಂದಿನ ಕೆಂಪು ಟರ್ಮಿನಲ್ಲಿಗೆ ಕ್ಷಣಮಾತ್ರ ತಾಗಿಸಿ ನೋಡಿದೆ. ಎಡಗಡೆಯ ಕೋನು ಮುಂದಕ್ಕೆ ಬಂತು, ಬಲಗಡೆಯದು ಹಿಂದಕ್ಕೆ ಸರಿಯಿತು. ಹಿಂದೆಂದೋ ರಿಪೇರಿಗೆ ಬಿಚ್ಚಿದವರು ಒಂದರ ತಂತಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದ್ದರು. ಹೀಗಾದಾಗ ಒಂದು ಕೋನು ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಎಳೆಯುತ್ತಿರುತ್ತದೆ, ಮಂದ್ರದ ಸ್ವರಗಳು ಕೋಣೆಯಲ್ಲಿಯೇ ಒಂದನ್ನೊಂದು ಕಳೆದುಕೊಳ್ಳುತ್ತವೆ. ಮೃದಂಗದ ಎಡದ ಸದ್ದು ಮೊದಲಿನಂತೆ ತುಂಬಿ ಬರುತ್ತಿಲ್ಲವೆಂದು ಪೆಟ್ಟಿಗೆಗಳು ಅಟ್ಟ ಸೇರುವ ಮುಂಚಿನ ವರ್ಷಗಳಲ್ಲಿ ಚಿಕ್ಕಪ್ಪ ಹೇಳುತ್ತಿದ್ದುದು ನೆನಪಾಯಿತು. ಅದನ್ನು ನಾವೆಲ್ಲ ಅವರ ಕಿವಿಯ ದೋಷವೆಂದು ತಿಳಿದಿದ್ದೆವು. ಐದು ನಿಮಿಷದ ಬೆಸುಗೆಯಿಂದ ಸರಿಹೋಗುತ್ತಿದ್ದ ಆ ತಪ್ಪು ಅವರು ಬದುಕಿರುವಾಗ ನನ್ನ ಕಣ್ಣಿಗೆ ಬೀಳಲಿಲ್ಲವೆಂಬುದು ಈಗಲೂ ನನ್ನನ್ನು ಕಾಡುತ್ತದೆ.

ಫೋಮಿನ ಬಳೆ ಅಂಟಿಸುವ ಕೆಲಸದಲ್ಲಿ ಮೊದಲ ವೂಫರನ್ನು ನಾನು ಕೆಡಿಸಿದೆ. ಹಳೆಯ ಅಂಟನ್ನು ಸ್ಪಿರಿಟ್ಟಿನಿಂದ ನೆನೆಸಿ, ಮೊಂಡು ಚಾಕುವಿನಿಂದ ಕಾಗದಕ್ಕೆ ಗಾಯವಾಗದಂತೆ ಹೆರೆದು ತೆಗೆಯಲು ಎರಡು ಸಂಜೆ ಹಿಡಿಯಿತು. ಆಮೇಲಿನ ಆತುರದಲ್ಲಿ ಹೊಸ ಬಳೆಯನ್ನು ಕಣ್ಣಂದಾಜಿನಲ್ಲಿ ಕೂರಿಸಿ ಅಂಟು ಒಣಗಲು ಬಿಟ್ಟೆ. ಬೆಳಗ್ಗೆ ಎರಡು ಹೆಬ್ಬೆರಳುಗಳಿಂದ ಕೋನನ್ನು ಮೆಲ್ಲಗೆ ಒತ್ತಿದರೆ ಒಳಗಿನಿಂದ ಒಣಗಿದ ತೆಂಗಿನಗರಿ ಗೋಡೆಗೆ ಉಜ್ಜಿದಂತೆ ಕರಕರ ಸದ್ದು ಬಂತು. ವಾಯ್ಸ್ ಕಾಯಿಲು ಅಯಸ್ಕಾಂತದ ಸಂದಿನಲ್ಲಿ ಯಾವ ಗೋಡೆಗೂ ತಾಗದೆ ತೇಲಬೇಕು, ಆ ಸಂದಿನಲ್ಲಿ ಅದರ ಎರಡು ಪಕ್ಕಕ್ಕೂ ಇರುವ ಬಿಡುವು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಬಳೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಒಣಗಿದರೂ ಕಾಯಿಲು ಉಜ್ಜುತ್ತದೆ. ಶಿವರಾಂಪೇಟೆಯ ಸಣ್ಣ ಅಂಗಡಿಯೊಂದರಲ್ಲಿ ನಲವತ್ತು ವರ್ಷಗಳಿಂದ ರೇಡಿಯೊ ರಿಪೇರಿ ಮಾಡುತ್ತಿರುವ ಹಿರಿಯರಲ್ಲಿಗೆ ಅದನ್ನು ಹೊತ್ತುಕೊಂಡು ಹೋದೆ. ಅವರು ಒತ್ತಿ ನೋಡಿ, "ಅಂಟು ಒಣಗೋವರೆಗೂ ಕಾಯಿಲು ನಡುವೇನೇ ನಿಂತಿರತ್ತೆ ಅಂತ ನಂಬಬಾರದು ಸ್ವಾಮಿ, ಅದನ್ನ ಕಟ್ಟಿಹಾಕಬೇಕು" ಎಂದು ಹೇಳಿ, ಮೇಜಿನ ಕೆಳಗಿನಿಂದ ಹಳೆಯ ಎಕ್ಸ್-ರೇ ಫಿಲ್ಮೊಂದನ್ನು ತೆಗೆದು ಕಿರುಬೆರಳಿನ ಅಗಲದ ಪಟ್ಟಿಗಳಾಗಿ ಕತ್ತರಿಸಿಕೊಟ್ಟರು. ಕೋನಿನ ನಡುವೆ ಧೂಳು ತಡೆಯಲು ಅಂಟಿಸಿರುವ ಮುಚ್ಚಳ, ಡಸ್ಟ್ ಕ್ಯಾಪನ್ನು ಬ್ಲೇಡಿನಿಂದ ಬಿಡಿಸಿ, ಕಾಯಿಲಿನ ಒಳಬದಿಗೂ ಅಯಸ್ಕಾಂತದ ನಡುಗಂಬಕ್ಕೂ ಮಧ್ಯೆ ನಾಲ್ಕು ದಿಕ್ಕಿನಲ್ಲಿ ಆ ಪಟ್ಟಿಗಳನ್ನು ಇಳಿಸಿದರೆ ಕಾಯಿಲು ಅಲುಗಾಡದೆ ನಡುವೆ ನಿಲ್ಲುತ್ತದೆ. ಬಳೆಯನ್ನು ಮೊದಲು ಕೋನಿಗೆ ಅಂಟಿಸಿ, ಅದು ಒಣಗಿದ ಮೇಲೆ ಹೊರಗಿನ ಅಂಚನ್ನು ಚೌಕಟ್ಟಿಗೆ ಅಂಟಿಸಿ, ಒಂದು ಪೂರ್ತಿ ದಿನ ಬಿಟ್ಟು ಪಟ್ಟಿಗಳನ್ನು ಎಳೆಯಬೇಕು. ಎರಡನೆಯ ಸಲ ಒತ್ತಿದಾಗ ಕೋನು ಸದ್ದಿಲ್ಲದೆ ಒಳಹೋಗಿ ಸದ್ದಿಲ್ಲದೆ ಹೊರಬಂತು.

ಇನ್ನು ಕ್ರಾಸ್‌ಓವರ್. ಮಂದ್ರದ ಸದ್ದನ್ನು ವೂಫರಿಗೂ ತಾರದ ಸದ್ದನ್ನು ಟ್ವೀಟರಿಗೂ ಹಂಚುವ ಈ ಪುಟ್ಟ ಹಲಗೆಯಲ್ಲಿ ನಮ್ಮ ಜೋಡಿಗೆ ಇದ್ದದ್ದು ಒಂದು ತಾಮ್ರದ ಸುರುಳಿ ಮತ್ತು ಟ್ವೀಟರಿನ ದಾರಿಯಲ್ಲಿ ಒಂದು ಕೆಪಾಸಿಟರ್, ರಿಪೇರಿಯವರ ಮಾತಿನಲ್ಲಿ ಕಂಡೆನ್ಸರ್. ಅದರ ಮೇಲೆ 6.8 ಮೈಕ್ರೊಫ್ಯಾರಡ್ ಎಂದು ಬರೆದಿತ್ತು, ಮೀಟರು 9.1 ತೋರಿಸಿತು. ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವಯಸ್ಸಾದಂತೆ ಹೀಗೆ ಅಳತೆ ತಪ್ಪುತ್ತವೆ. ಎಂಟು ಓಮಿನ ಟ್ವೀಟರಿಗೆ 6.8 ಇದ್ದರೆ ಹಂಚಿಕೆ ಸುಮಾರು 2,900 ಹರ್ಟ್ಸ್‌ನಲ್ಲಿ ಆಗುತ್ತದೆ, 9.1 ಆದರೆ ಅದು 2,200ಕ್ಕೆ ಇಳಿಯುತ್ತದೆ. ಎಂದರೆ ಆ ಪುಟ್ಟ ಗುಮ್ಮಟದ ಮೇಲೆ ತನ್ನದಲ್ಲದ ಹೊರೆ ಬೀಳುತ್ತಿತ್ತು. ಅದನ್ನು ತೆಗೆದು ಅದೇ 6.8ರ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿದೆ. ಲೆಕ್ಕದಲ್ಲಿ ಎಲ್ಲವೂ ಸರಿಯಿತ್ತು. ಆದರೆ ಹಾಡುಗಾರರ ಸಕಾರ ಶಕಾರಗಳು ಕಿವಿಗೆ ಚುಚ್ಚತೊಡಗಿದವು.

ಇಲ್ಲಿ ನನಗೆ ದಾರಿ ತೋರಿಸಿದ್ದು ತಂಬೂರಿ. ಸ್ಪೀಕರ್ ಪರೀಕ್ಷಿಸಲು ಬಹಳ ಜನ ಅಬ್ಬರದ ಸಂಗೀತವನ್ನು ಹಾಕುತ್ತಾರೆ. ಆದರೆ ಬರಿಯ ತಂಬೂರಿಗಿಂತ ನಿಷ್ಠುರವಾದ ಪರೀಕ್ಷಕನನ್ನು ನಾನು ಕಂಡಿಲ್ಲ. ತಂತಿಗಳು ಕೂರುವ ಅಡ್ಡಪಟ್ಟಿಯಾದ ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ದಾರವು ತಂತಿಯನ್ನು ಕುದುರೆಯ ಉಬ್ಬಿಗೆ ತಾಗಿಯೂ ತಾಗದಂತೆ ನಿಲ್ಲಿಸುತ್ತದೆ. ಅದರಿಂದ ಪ್ರತಿ ಮೀಟಿಗೂ ಒಂದು ರಾಶಿ ಉಪಸ್ವರಗಳು ಹುಟ್ಟಿ, ನಾದ ಕ್ಷೀಣಿಸುವಾಗ ಮೇಲಿನಿಂದ ಕೆಳಕ್ಕೆ ಜಾರುತ್ತ ಬರುತ್ತವೆ. ಗಂಡು ದನಿಯ ಶ್ರುತಿಯಲ್ಲಿ ಷಡ್ಜ ಸುಮಾರು 139 ಹರ್ಟ್ಸ್ ಎಂದಿಟ್ಟುಕೊಂಡರೆ ಮಂದ್ರದ ತಂತಿ 69ರ ಹತ್ತಿರ ಇರುತ್ತದೆ, ಷಡ್ಜದ ಇಪ್ಪತ್ತೊಂದನೆಯ ಉಪಸ್ವರ ಹೆಚ್ಚುಕಡಿಮೆ 2,900ಕ್ಕೆ ಬಂದು ನಿಲ್ಲುತ್ತದೆ. ಹೀಗೆ ಜೀವಾಳದ ನಾದ ಒಂದೊಂದು ಮೀಟಿನಲ್ಲೂ ಟ್ವೀಟರಿನಲ್ಲಿ ಮಿನುಗಿ, ಹಂಚಿಕೆಯ ಗೆರೆಯನ್ನು ದಾಟಿ ವೂಫರಿಗೆ ಇಳಿಯುತ್ತದೆ. ಎರಡರ ನಡುವೆ ಹೊಂದಾಣಿಕೆ ಇಲ್ಲದಿದ್ದರೆ ಆ ಇಳಿಜಾರಿನಲ್ಲಿ ಮೆಟ್ಟಿಲು ಎಡವಿದಂತೆ ಕೇಳಿಸುತ್ತದೆ. ಹಾಡು ಬದಲಾಗುತ್ತ ಹೋಗುವುದರಿಂದ ಕಿವಿ ಅದರ ಕುಂದುಗಳನ್ನು ಮರೆಯುತ್ತದೆ. ತಂಬೂರಿ ಬದಲಾಗದ ಕಾರಣ ಬದಲಾವಣೆಯೆಲ್ಲ ಸ್ಪೀಕರಿನದೇ.

ಆ ಸಂಜೆ ಅರ್ಧ ಗಂಟೆ ತಂಬೂರಿಯನ್ನೇ ಕೇಳಿದೆ. ಮೇಲಿನ ಮಿನುಗು ಬೇರೆ, ಕೆಳಗಿನ ಮೈದುಂಬು ಬೇರೆ ಎಂಬಂತೆ ನಾದ ಎರಡಾಗಿ ಸೀಳಿತ್ತು. ಕಾರಣ ನಿಧಾನವಾಗಿ ಹೊಳೆಯಿತು. ಹಳೆಯ ಎಲೆಕ್ಟ್ರೊಲಿಟಿಕ್‌ನಲ್ಲಿ ಸ್ವಲ್ಪ ಒಳತಡೆ ಇತ್ತು, ಮೊದಲು ಇದನ್ನು ಮಾಡಿದವರು ಆ ತಡೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಟ್ವೀಟರಿನ ಮಟ್ಟವನ್ನು ಹೊಂದಿಸಿರಬೇಕು. ಫಿಲ್ಮಿನಲ್ಲಿ ಆ ತಡೆ ಇಲ್ಲವೆನ್ನುವಷ್ಟು ಕಡಿಮೆ. ಕೆಪಾಸಿಟರಿನ ಸಾಲಿಗೆ ಒಂದು ಓಮಿನ, ಐದು ವ್ಯಾಟಿನ ರೆಸಿಸ್ಟರ್ ಸೇರಿಸಿದಾಗ ಜೀವಾಳ ಒಂದೇ ಎಳೆಯಾಗಿ ಕೂಡಿಕೊಂಡಿತು. ಕೆಲವೇ ರೂಪಾಯಿಯ ವಸ್ತು ಅದು. ಮೈಕಿಲ್ಲದ ಸಭೆಯ ಹಿಂದಿನ ಸಾಲಿಗೂ ಕೇಳಿಸಲೆಂದು ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರಷ್ಟೆ, ಅವರ ಹಳೆಯ ಧ್ವನಿಮುದ್ರಣವೊಂದನ್ನು ಅನಂತರ ಹಾಕಿದಾಗ ಆ ಹೆಚ್ಚಿನ ತಂತಿಗಳ ದಪ್ಪ ದನಿ ಚಿಕ್ಕಪ್ಪನ ಹಜಾರದಲ್ಲಿ ಕೇಳಿದ ಹಾಗೆಯೇ ಬಂತು. ತೆಗೆದ ಹಳೆಯ ಕಂಡೆನ್ಸರ್‌ಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಅಳತೆಗಳನ್ನೂ ದಿನಾಂಕವನ್ನೂ ಬರೆದು ಪೆಟ್ಟಿಗೆಯೊಳಗೇ ಅಂಟಿಸಿದ್ದೇನೆ. ಮುಂದೆ ಇದನ್ನು ಬಿಚ್ಚುವವರಿಗೆ ನಾನು ಏನು ಮಾಡಿದೆನೆಂಬುದು ತಿಳಿಯಬೇಕು.

ಪೆಟ್ಟಿಗೆಯ ಕೆಲಸ ಇದಕ್ಕೆ ಹೋಲಿಸಿದರೆ ಸುಲಭ. ಒಳಗಿನ ಗಾಜಿನ ಉಣ್ಣೆ ಪುಡಿಯಾಗುತ್ತಿದ್ದುದರಿಂದ ಅದನ್ನು ತೆಗೆದು, ಚಳ್ಳಕೆರೆಯ ಕುರಿ ಉಣ್ಣೆಯ ಹಳೆಯ ಕಂಬಳಿಯೊಂದನ್ನು ಎಳೆ ಎಳೆಯಾಗಿ ಬಿಡಿಸಿ ತುಂಬಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಉಣ್ಣೆ ತುಂಬಿದರೆ ಒತ್ತಿದ ಗಾಳಿಯ ಬಿಸಿಯನ್ನು ಎಳೆಗಳು ಹೀರಿಕೊಂಡು, ಕೋನಿಗೆ ಪೆಟ್ಟಿಗೆ ತನ್ನ ಅಳತೆಗಿಂತ ದೊಡ್ಡದಾಗಿರುವಂತೆ ಭಾಸವಾಗುತ್ತದೆ. ಹೊರಮೈಗೆ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಹನ್ನೆರಡು ಸಲ ತೆಳ್ಳಗೆ ಸವರಿದೆ. ಹಿಂದಿನ 78 ಆರ್‌ಪಿಎಂ ಪ್ಲೇಟುಗಳೂ ಇದೇ ಅರಗಿನಿಂದ ಆದವು. ಚುನಾವಣೆಯ ಅಳಿಸಲಾಗದ ಶಾಯಿಗೆ ಇಂದು ಹೆಸರಾಗಿರುವ ನಮ್ಮೂರಿನ ಕಾರ್ಖಾನೆ 1937ರಲ್ಲಿ ಶುರುವಾದದ್ದೂ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ.

ಅಲಂಕಾರವೆಂದು ನಾನು ಸೇರಿಸಿದ್ದು ಒಂದೇ. ಬೀಟೆ ಮರದ ಎರಡಂಗುಲದ ಪಟ್ಟಿಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ವೀಣೆಯ ಚಿತ್ರ ಮಾಡಿಕೊಡಿರೆಂದು ಮಂಡಿ ಮೊಹಲ್ಲಾದ ಇನ್‌ಲೇ ಕುಶಲಕರ್ಮಿಯೊಬ್ಬರನ್ನು ಕೇಳಿದೆ. ಅವರು ಪೆಟ್ಟಿಗೆ ನೋಡಿ ಮೊದಲು ಕೇಳಿದ ಪ್ರಶ್ನೆ, "ಸಾರ್, ಇದು ಅದುರುತ್ತಾ?" ಎಂದು. ಅದುರಿದರೆ ಚೂರುಗಳು ಸಡಿಲವಾಗಿ ಝೇಂಕರಿಸುತ್ತವೆ. ನಾನು ಅಲ್ಲಿಯವರೆಗೆ ಅದನ್ನು ಯೋಚಿಸಿಯೇ ಇರಲಿಲ್ಲ. ಮನೆಗೆ ಬಂದು ಮೃದಂಗ ಹಾಕಿ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟಾಗ ಪಕ್ಕದ ಹಲಗೆಗಳು ಜೋರಾಗಿಯೇ ನಡುಗುತ್ತಿದ್ದವು. ಒಳಗೆ ಎರಡು ಹಲಗೆಗಳನ್ನು ಸೇರಿಸುವಂತೆ ಅಡ್ಡಪಟ್ಟಿ ಬಿಗಿದ ಮೇಲೆ ನಡುಕ ನಿಂತಿತು, ಮಂದ್ರವೂ ಸ್ಪಷ್ಟವಾಯಿತು. ಇನ್‌ಲೇ ಪಟ್ಟಿಯನ್ನು ಮೇಲಂಚಿನಲ್ಲಿ ಎರಡು ಸ್ಕ್ರೂಗಳಿಂದ ಕೂರಿಸಿದ್ದೇನೆ, ಬೇಡವೆಂದರೆ ತೆಗೆಯಬಹುದು. ಮುಂದಿನ ಚೌಕಟ್ಟಿಗೆ ಬದನವಾಳಿನ ತೆಳು ಖಾದಿ ಹಾಕಿದ್ದೇನೆ. ಬಾಯಿಯಿಂದ ಊದಿದರೆ ಉಸಿರು ತಡೆಯಿಲ್ಲದೆ ದಾಟುವ ಬಟ್ಟೆಯೇ ಇದಕ್ಕೆ ಆಗಬೇಕು.

ನನ್ನ ಸಂಗೀತದ ಕೋಣೆ ಹನ್ನೆರಡಡಿಗೆ ಹದಿನಾಲ್ಕಡಿ, ಎತ್ತರ ಹತ್ತಡಿ. ಇಂಥ ಕೋಣೆ 40, 47 ಮತ್ತು 56 ಹರ್ಟ್ಸ್‌ನ ಆಸುಪಾಸಿನಲ್ಲಿಯೂ ಅವುಗಳ ಇಮ್ಮಡಿಯಲ್ಲಿಯೂ ತಾನೇ ಗುಂಯ್‌ಗುಡುತ್ತದೆ. ಸ್ಪೀಕರನ್ನು ಮೂಲೆಗೆ ಒತ್ತಿಟ್ಟರೆ ಆ ಗುಂಯ್‌ಗುಡಿಕೆ ಮೃದಂಗದ ಎಡದ ಹೊಡೆತಗಳನ್ನೆಲ್ಲ ಒಂದೇ ಮುದ್ದೆ ಮಾಡುತ್ತದೆ. ಹಿಂದಿನ ಗೋಡೆಯಿಂದ ಎರಡೂವರೆ ಅಡಿ ಮುಂದಕ್ಕೆ ತಂದು, ಕೆಂಪು ನೆಲದ ಮೇಲೆ ಜಮಖಾನ ಹಾಸಿ, ಎದುರು ಗೋಡೆಗೆ ಇನ್ನೊಂದು ಕಂಬಳಿಯನ್ನು ತೂಗುಹಾಕಿದ ಮೇಲೆ ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳಿಸಿತು.

ದಸರೆಯ ರಜೆಯಲ್ಲಿ ಚಿಕ್ಕಮ್ಮನನ್ನು ಕರೆತಂದು ಕೂರಿಸಿದೆ. ಖಾದಿಯನ್ನೂ ವೀಣೆಯ ಪಟ್ಟಿಯನ್ನೂ ಬೆರಳಾಡಿಸಿ ನೋಡಿದರು, ಮಾತಾಡಲಿಲ್ಲ. ಚಿಕ್ಕಪ್ಪನ ವೀಣೆಯ ಎಲ್‌ಪಿ ಹಾಕಿದೆ. ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿದ ಅವರು, "ಬಲಗಡೆದು ಒಂಚೂರು ಜೋರು ಕಣೋ, ನಿಮ್ಮ ಚಿಕ್ಕಪ್ಪ ಇದ್ದಿದ್ರೆ ಎದ್ದು ಸರಿ ಮಾಡ್ತಿದ್ರು" ಎಂದರು. ಮೀಟರಿನಲ್ಲಿ ಎರಡರ ಮಟ್ಟವೂ ಒಂದೇ ಎಂದು ನಾನೇ ಅಳೆದಿದ್ದೆ, ಆದರೆ ಅಳೆದದ್ದು ಪುಸ್ತಕದ ಬೀರುವನ್ನು ಈ ಕೋಣೆಗೆ ತರುವುದಕ್ಕೆ ಮೊದಲು. ಈಗ ಬಲಗಡೆಯ ಪೆಟ್ಟಿಗೆ ಬೀರುವಿಗೆ ತೀರ ಹತ್ತಿರವಾಗಿ, ಅದರ ಮರದ ಬಾಗಿಲು ಸದ್ದನ್ನು ನಮ್ಮ ಕಡೆಗೆ ಹಿಂತಿರುಗಿಸುತ್ತಿತ್ತು. ಪೆಟ್ಟಿಗೆಯನ್ನು ಅರ್ಧ ಅಡಿ ಎಡಕ್ಕೆ ಸರಿಸಿದೆ. ಚಿಕ್ಕಮ್ಮ ತಲೆಯಾಡಿಸಿ, ಮೊದಲಿನಿಂದ ಹಾಕು ಎಂದು ಕೈಸನ್ನೆ ಮಾಡಿದರು.