38 ಬಿಲ್ಲೆಗಳು

ನಮ್ಮ ಟಿಕೆಟ್ ಮೇಜಿನ ಹಿಂದಿನ ಗೋಡೆಗೆ ಒಂದು ಹಲಗೆ ಹೊಡೆಸಿದ್ದೇನೆ. ಅದರಲ್ಲಿ 38 ಮೊಳೆಗಳು, ಮೊಳೆಗೊಂದರಂತೆ ಸಂಖ್ಯೆ ಬರೆದ ಮರದ ಬಿಲ್ಲೆಗಳು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ನಮ್ಮ ದೋಣಿಯಲ್ಲಿ ಹೊರಡುವವರೆಲ್ಲ ಒಂದೊಂದು ಬಿಲ್ಲೆ ತೆಗೆದುಕೊಂಡೇ ಹತ್ತಬೇಕು. ತಾಯಿಯ ಹೆಗಲ ಮೇಲೆ ನಿದ್ದೆ ಹೋದ ಕೂಸಿಗೂ ಒಂದು ಬಿಲ್ಲೆ. ಮರಳಿ ಬಂದು ಧಕ್ಕೆಯ ಮೇಲೆ ಕಾಲಿಟ್ಟ ಮೇಲೆ ಅವರೇ ಅದನ್ನು ಮೊಳೆಗೆ ಸಿಕ್ಕಿಸಿ ಹೋಗುತ್ತಾರೆ. ಸಂಜೆ ಹಲಗೆ ತುಂಬುವವರೆಗೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.

ದೋಣಿ ನನ್ನ ಸೋದರಮಾವನದು. ಮಾವ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಳಸಮುದ್ರದ ಬೋಟಿನಲ್ಲಿ ತಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ, ಇದ್ದವರು. ಮೊಣಕಾಲು ನೋವು ಬಂದ ಮೇಲೆ ಹತ್ತು ಹನ್ನೆರಡು ದಿನ ನೀರಿನ ಮೇಲೆ ಕಳೆಯುವುದು ಸಾಧ್ಯವಾಗಲಿಲ್ಲ. ಪ್ರವಾಸಿಗರ ದೋಣಿ ಮಾಡಿದರು. ನನ್ನ ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಉಡುಪಿಯ ಬೀದಿಗಳಲ್ಲಿ ಬಂಗುಡೆ, ಬೂತಾಯಿ ಮಾರಿ ನಮ್ಮನ್ನು ಓದಿಸಿದರು. ನನ್ನ ಪಾಲಿಗೆ ಬಂದದ್ದು ಲೆಕ್ಕದ ಪುಸ್ತಕ, ಟಿಕೆಟ್ ಮತ್ತು ಲೈಫ್ ಜಾಕೆಟ್‌ಗಳು. ಜಾಕೆಟ್‌ಗಳನ್ನು ದಿನವೂ ಸಿಹಿನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸುತ್ತೇನೆ. ಉಪ್ಪು ಉಳಿದರೆ ಪಟ್ಟಿ ಬಿರುಸಾಗುತ್ತದೆ, ಬಿಸಿಲಿಗೆ ಹಾಕಿದರೆ ಬಟ್ಟೆ ಪಿಸಿಯುತ್ತದೆ. ಪಟ್ಟಿ ಬಿಗಿಯದೆ ಸುಮ್ಮನೆ ತೋಳು ತೂರಿಸಿಕೊಂಡವರನ್ನು ಕಂಡರೆ ನಾನೇ ಹೋಗಿ ಬಿಗಿಯುತ್ತೇನೆ. ಸಡಿಲವಾದ ಜಾಕೆಟ್ ನೀರಿಗೆ ಬಿದ್ದ ಕೂಡಲೇ ಕತ್ತಿನ ಮೇಲಕ್ಕೆ ಜಾರಿಬಿಡುತ್ತದೆ.

ಅತಿ ಕಷ್ಟದ ಕೆಲಸವೆಂದರೆ ಆಗುವುದಿಲ್ಲ ಎಂದು ಹೇಳುವುದು. ಡಿಸೆಂಬರ್ ರಜೆಯಲ್ಲಿ ಹನ್ನೊಂದು ಜನರ ಕುಟುಂಬ ಬರುತ್ತದೆ, ಒಂಬತ್ತೇ ಬಿಲ್ಲೆ ಉಳಿದಿರುತ್ತದೆ. "ಅಕ್ಕಾ, ಎರಡೇ ಜನ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ" ಎನ್ನುತ್ತಾರೆ. ದೂರದಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು, ಮನಸ್ಸು ಕರಗುತ್ತದೆ. ಆದರೆ ಬಿಲ್ಲೆ ಮುಗಿದರೆ ಮುಗಿಯಿತು. ಈ ಮಾತಿಗೆ ನನ್ನ ಮೇಲೆ ಕೂಗಾಡಿ ಹೋದವರಿದ್ದಾರೆ. ಅವರಲ್ಲಿ ಒಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಅವರಿಗೆ ಕಡಲೆಂದರೆ ಬೆಳಗಿನ ಹೊತ್ತು ಕಾಣುವ ಈ ನುಣುಪು ನೀಲಿ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಅದೇ ನೀರು ಹೇಗೆ ಮಗ್ಗುಲು ಬದಲಿಸುತ್ತದೆ ಎಂಬುದು ಇಲ್ಲಿ ಹುಟ್ಟಿದವರಿಗೆ ಗೊತ್ತು.

ಹಾದಿ ಹೆಚ್ಚೇನಿಲ್ಲ, ಅರ್ಧ ಗಂಟೆಯೊಳಗೆ ದ್ವೀಪ. ಈ ಹೊತ್ತಿನಲ್ಲಿ ಹೆಚ್ಚಿನವರು ಮೊಬೈಲ್ ಹಿಡಿದಿರುತ್ತಾರೆ. ನನಗೆ ಅದನ್ನು ಸಹಿಸಲಾಗಲಿಲ್ಲ. ಸುಮಾರು 8.8 ಕೋಟಿ ವರ್ಷಗಳಷ್ಟು ಹಳೆಯ ಕಲ್ಲಿನ ಮೇಲೆ ಕಾಲಿಡಲು ಹೊರಟವರಿಗೆ ಅದು ಗೊತ್ತಾಗದೆ ಹೋಗಬಾರದು. ಆದ್ದರಿಂದ ದೋಣಿ ಬಿಡುವ ಮುನ್ನ ಐದು ನಿಮಿಷ ಮಾತನಾಡತೊಡಗಿದೆ.

ಇದನ್ನು ನನಗೆ ಕಲಿಸಿದವರು ಪ್ರತಿ ಜನವರಿಯಲ್ಲಿ ವಿದ್ಯಾರ್ಥಿಗಳನ್ನು ಕರೆತರುವ ಭೂವಿಜ್ಞಾನದ ಮೇಷ್ಟ್ರು. ಮಡಗಾಸ್ಕರ್ ಒಂದು ಕಾಲಕ್ಕೆ ನಮ್ಮ ಈ ಕರಾವಳಿಗೆ ಅಂಟಿಕೊಂಡಿತ್ತು. ಅದು ಕಳಚಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಆರಿ ದ್ವೀಪದ ಈ ಕಲ್ಲಿನ ಕಂಬಗಳಾದವು. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದ್ದೀರಲ್ಲ ಎಂದು ಅವರು ಕೇಳಿದ್ದರು. ಕೆಸರು ಒಣಗಿ ಕುಗ್ಗುತ್ತದೆ, ಲಾವಾ ತಣಿದು ಕುಗ್ಗುತ್ತದೆ. ಬಿರುಕು ಮೇಲಿನಿಂದ ಆಳಕ್ಕಿಳಿಯುತ್ತ ಹೋದಂತೆ ಕಲ್ಲು ಕಂಬ ಕಂಬವಾಗಿ ಸೀಳುತ್ತದೆ. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಏಳು, ಹೆಚ್ಚಿನವಕ್ಕೆ ಆರು. ಜಗತ್ತಿನ ಬೇರೆ ಕಡೆ ಇಂಥ ಕಂಬಗಳು ಸಾಮಾನ್ಯವಾಗಿ ಕಪ್ಪು ಬಸಾಲ್ಟ್ ಶಿಲೆಯಲ್ಲಿ ಕಾಣುತ್ತವೆಯಂತೆ. ನಮ್ಮದು ಸಿಲಿಕಾ ಹೆಚ್ಚಿರುವ ತಿಳಿಬಣ್ಣದ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಬೆಂಗಳೂರಿನವರು ಸಿಕ್ಕಿದರೆ, ನಿಮ್ಮ ಲಾಲ್‌ಬಾಗಿನ ಬಂಡೆಗೂ ಇದೇ ಗೌರವವಿದೆ, ಊರಿಗೆ ಹೋಗಿ ಅದನ್ನೂ ಒಮ್ಮೆ ಕೈಯಾರೆ ಮುಟ್ಟಿ ನೋಡಿ ಎನ್ನುತ್ತೇನೆ.

ಹಲವರು ವಾಸ್ಕೋ ಡ ಗಾಮನ ಶಿಲುಬೆ ಎಲ್ಲಿದೆ ಎಂದು ಕೇಳುತ್ತಾರೆ. 1498ರಲ್ಲಿ ಅವನು ಇಲ್ಲಿ ಇಳಿದು, ಶಿಲುಬೆ ನೆಟ್ಟು, ಸಾಂತಾ ಮರಿಯಾ ಎಂದು ಹೆಸರಿಟ್ಟನೆಂಬುದು ಎಲ್ಲರೂ ಹೇಳುವ ಕಥೆ. ಶಿಲುಬೆ ಈಗ ನೋಡಲು ಸಿಗುವುದಿಲ್ಲ. ನಮ್ಮ ಹಿರಿಯರ ಬಾಯಲ್ಲಿ ಇದು ತೋನ್ಸೆಪಾರು. ತೆಂಕಕ್ಕಿರುವ ದರಿಯಾ ಬಹದ್ದೂರ್‌ಗಡವೆಂಬ ದ್ವೀಪದಲ್ಲಿ ಬಿದನೂರಿನ ಬಸಪ್ಪ ನಾಯಕರು ಕಟ್ಟಿಸಿದ ಕೋಟೆಯ ವಿಷಯವನ್ನು ಯಾರೂ ಕೇಳುವುದಿಲ್ಲ. ಅದನ್ನು ನಾನಾಗಿಯೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಶನಿವಾರ. ನನ್ನ ಮಾತಿನ ಕೊನೆಗೆ, "ಒಂದು ಕಂಬದ ಮುಖಗಳನ್ನಾದರೂ ಎಣಿಸಿ ಬನ್ನಿ" ಎಂದಿದ್ದೆ. ಆ ದಿನದ ಕೊನೆಯ ಸುತ್ತು ಅದು. ಕರೆದೊಯ್ದವರನ್ನೇ ಕರೆತರುವುದು ನಮ್ಮ ಪದ್ಧತಿ. ಒಂದೂವರೆ ಗಂಟೆ ಬಿಟ್ಟು ಮಾವ ಸೀಟಿ ಊದಿದರು. ದೋಣಿಯ ಕೆಲಸದಾಳು ಕಲಾಸಿ ಬಿಲ್ಲೆ ನೋಡಿ ನೋಡಿ ಹತ್ತಿಸಿದ. 36. ಇನ್ನಿಬ್ಬರು ಇಲ್ಲ.

ಮಾವ ಫೋನ್ ಮಾಡಿದರು. ಪುಸ್ತಕ ತೆರೆದೆ: ಹುಬ್ಬಳ್ಳಿಯ ತಂದೆ, ಹತ್ತು ವರ್ಷದ ಮಗ. ಅವರ ಮೊಬೈಲ್ ಹತ್ತುತ್ತಿಲ್ಲ. ಬೇರೆ ದೋಣಿಯಲ್ಲಿ ಹೇಳದೆ ಮರಳಿದ್ದಾರೆಯೇ ಎಂದು ಧಕ್ಕೆಯುದ್ದಕ್ಕೂ ಓಡಿ ವಿಚಾರಿಸಿದೆ. ಇಲ್ಲ. ಆ ಹೊತ್ತಿಗೆ ವಾಯವ್ಯದ ಗಾಳಿ ಬಲವಾಗಿತ್ತು, ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ತೆರೆ ಬೆಳ್ಳಗೆ ಒಡೆಯುತ್ತಿತ್ತು. ಅಲ್ಲಿ ದೋಣಿಯಲ್ಲಿದ್ದವರಿಗೆ ರೈಲು ಹಿಡಿಯುವ ಆತುರ. ಬಿಟ್ಟು ಬನ್ನಿ, ಅವರು ಬೇರೆ ದೋಣಿಯಲ್ಲಿ ಬರಲಿ ಎಂದು ಒಬ್ಬರು ಗದರಿದರಂತೆ. ಮಾವ ಉತ್ತರ ಕೊಡದೆ ಎಂಜಿನ್ ಆರಿಸಿ, ಕಲಾಸಿಯನ್ನು ಇಳಿಸಿ ಕಳುಹಿಸಿದರು.

ತಂದೆ ಮಗ ಪಡುವಣ ಬದಿಯಲ್ಲಿದ್ದರು. ಕಂಬಗಳ ಮರೆ, ಎದುರುಗಾಳಿ, ತೆರೆಯ ಮೊರೆತ; ಸೀಟಿ ಕೇಳಿಸುವ ಮಾತೇ ಇಲ್ಲ. ಹುಡುಗ ಪುಸ್ತಕದ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ಎಳೆದು ಕಂಬಗಳನ್ನು ಲೆಕ್ಕ ಹಾಕುತ್ತಿದ್ದ. ಉಬ್ಬರ ಏರಿ ಅವರು ನಡೆದು ಹೋಗಿದ್ದ ತಗ್ಗಿನ ಕಲ್ಲುಗಳ ಮೇಲೆ ಮೊಣಕಾಲಿನವರೆಗೆ ನೀರು ಬಂದಿತ್ತು. ಪಾಚಿ ಕಟ್ಟಿದ ಕಲ್ಲು. ಕಲಾಸಿ ಹುಡುಗನನ್ನು ಬೆನ್ನ ಮೇಲೆ ಹೊತ್ತು, ತಂದೆಯ ಕೈ ಹಿಡಿದು ದಾಟಿಸಿದ.

ದೋಣಿ ಧಕ್ಕೆಗೆ ತಾಗುವಾಗ ಮುಸ್ಸಂಜೆ. ಬೈಯಬೇಕೆಂದೇ ನಿಂತಿದ್ದೆ. ಹುಡುಗ ಮೊದಲು ಬಿಲ್ಲೆಯನ್ನು ಮೊಳೆಗೆ ಸಿಕ್ಕಿಸಿ, ಆಮೇಲೆ ಹಾಳೆ ಹರಿದು ನನ್ನ ಕೈಯಲ್ಲಿಟ್ಟ. ಐದು ಮುಖದವು 11, ಆರರವು 19, ಏಳರವು 4. "ನೀವು ಒಂದು ಎಣಿಸಿ ಅಂದಿರಿ, ನಾನು 34 ಎಣಿಸಿದೆ" ಎಂದ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವನನ್ನು ಅಲ್ಲಿ ಕೂರಿಸಿದ್ದು ನನ್ನದೇ ಮಾತು. ಎಣಿಸಲು ಹೇಳಿದ್ದೆ, ನೀರು ಯಾವಾಗ ಏರುತ್ತದೆಂದು ಹೇಳಿರಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನದಿಂದ ನನ್ನ ಮಾತು ನೀರಿನಿಂದ ಶುರುವಾಗುತ್ತದೆ. ಇಂದಿನ ಉಬ್ಬರ ಇಷ್ಟು ಹೊತ್ತಿಗೆ. ನಿನ್ನೆಗಿಂತ ಸುಮಾರು 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಾದರೆ ಇನ್ನೂ ಮೇಲೆ. ಹಲಗೆಯ ಪಕ್ಕ ಅದನ್ನು ಸುಣ್ಣದ ಕಡ್ಡಿಯಲ್ಲಿ ಬರೆಯುತ್ತೇನೆ. ಪಡುವಣ ಬದಿಗೆ ಕಲಾಸಿಯ ಜೊತೆಗೇ ಹೋಗಬೇಕು. ಮರಳುವ ಹೊತ್ತಿಗೆ 15 ನಿಮಿಷ ಮೊದಲು ಅವನು ದ್ವೀಪವನ್ನು ಒಂದು ಸುತ್ತು ಹಾಕುತ್ತಾನೆ. ಇದೆಲ್ಲ ಹೇಳಿ ಮುಗಿದ ಮೇಲೆ ಕಲ್ಲಿನ ಕಥೆ. ಎಣಿಸಿ ಬನ್ನಿ ಎನ್ನುವುದನ್ನು ಬಿಡಬೇಕೆಂದು ಮಾವ ಅಂದರು. ಅದೊಂದನ್ನು ನಾನು ಒಪ್ಪಲಿಲ್ಲ.

ಈಗ ಮಳೆಗಾಲ. ಸೆಪ್ಟೆಂಬರ್ ತನಕ ದ್ವೀಪದ ಹಾದಿ ಮುಚ್ಚಿದೆ, ದೋಣಿಯನ್ನು ಮೇಲಕ್ಕೆಳೆದು ತೆಂಗಿನ ಮಡಲು ಹೊದಿಸಿದ್ದೇವೆ. ಶ್ರಾವಣದ ನೂಲಹುಣ್ಣಿಮೆಯಂದು ವಡಭಾಂಡೇಶ್ವರ ದೇವಸ್ಥಾನದಿಂದ ಮೆರವಣಿಗೆ ಬಂದು ಕಡಲಿಗೆ ಹಾಲೆರೆಯುತ್ತಾರೆ. ಅದರೊಳಗೆ ಬಣ್ಣ ಮುಗಿಸಬೇಕೆಂದು ಮಾವನ ಅವಸರ. ನಾನು ಬಿಲ್ಲೆಗಳನ್ನು ಉಜ್ಜಿ ಹೊಸದಾಗಿ ಸಂಖ್ಯೆ ಬರೆಯುತ್ತಿದ್ದೇನೆ. 23ನೆಯದು ಮೇ ತಿಂಗಳಲ್ಲಿ ಒಬ್ಬರ ಕೈಜಾರಿ ನೀರಿಗೆ ಬಿತ್ತು, ಹಲಸಿನ ಹಲಗೆಯ ತುಂಡಿನಿಂದ ಬೇರೆ ಮಾಡಿಸಿದ್ದೇನೆ. ಉಳಿದವುಗಳಿಗಿಂತ ತುಸು ಹಳದಿಯಾಗಿದೆ.