ಹಗ್ಗದ ತುದಿಯ ಹಾಲಿನ ಪ್ಯಾಕೆಟ್

ಬದಿಯಡ್ಕದ ನಮ್ಮ ಮನೆಯಲ್ಲಿ ಬಟ್ಟೆ ಹಗ್ಗದ ಒಂದು ತುದಿ ಹಾಲಿನ ಪ್ಯಾಕೆಟ್‌ಗಳಿಗೆ ಮೀಸಲು. ಅತ್ತೆ ಅವನ್ನು ಕತ್ತರಿಸಿ, ತೊಳೆದು, ಕ್ಲಿಪ್ಪು ಸಿಕ್ಕಿಸಿ ನೇತುಹಾಕುತ್ತಾರೆ. ಇಂದು ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ, ಕೇರಳದ ಹರಿತ ಕರ್ಮ ಸೇನೆಯ ಇಬ್ಬರು ಬಂದು, ಗೋಡೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, 50 ರೂಪಾಯಿ ಪಡೆದು ಚೀಲ ಹೊತ್ತು ನಡೆದರು. ಮಳೆಗೆ ಒಣಗದ ಎರಡನ್ನು ಮಾತ್ರ ಅತ್ತೆ ಕೊಡಲಿಲ್ಲ. "ಒದ್ದೆ ಕೊಟ್ಟರೆ ನಮ್ಮ ಮರ್ಯಾದೆ ಏನಾಗಬೇಕು?"

ಇತ್ತ, 2022ರಲ್ಲಿ ನೈರೋಬಿಯಲ್ಲಿ ಪ್ಲಾಸ್ಟಿಕ್ ಮಾಲಿನ್ಯ ತಡೆಯುವ ಜಾಗತಿಕ ಒಪ್ಪಂದ ಮಾಡುತ್ತೇವೆಂದು ನಿರ್ಣಯಿಸಿದ ದೇಶಗಳು 2024ರಲ್ಲಿ ಬುಸಾನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಕುಳಿತೂ ಬರಿಗೈಯಲ್ಲಿ ಎದ್ದವು. ಉತ್ಪಾದನೆಗೇ ಮಿತಿ ಬೇಕೆಂದು ಹಲವರು. ಕಸ ನೋಡಿಕೊಂಡರೆ ಸಾಕೆಂದು ತೈಲದ ದೇಶಗಳು. ತಯಾರಿಸುವವರನ್ನು ಬಿಟ್ಟು ತೊಳೆಯುವವರಿಗೇ ಶಿಸ್ತು ಹೇಳುವುದು ನನಗಂತೂ ಒಪ್ಪಿಗೆಯಿಲ್ಲ.

ಅದೇ 2025ರಲ್ಲಿ ಅಮೆರಿಕವು ಅಡಿಕೆ ಹಾಳೆಯ ತಟ್ಟೆಗಳ ಆಮದನ್ನೂ ತಡೆಯಿತು. ಹಾಳೆಯ ಅಂಶಗಳು ಊಟಕ್ಕೆ ಇಳಿಯಬಹುದೆಂಬ ಕಾರಣಕ್ಕೆ. ಪರೀಕ್ಷೆಯಾಗಲಿ, ತಪ್ಪಿಲ್ಲ. ಆದರೆ ಅಂಗಳದಲ್ಲಿ ಬಿದ್ದ ಹಾಳೆಯನ್ನು ಮುಟ್ಟಾಳೆ (ತಲೆಗೆ ಹಾಕುವ ಟೊಪ್ಪಿ), ಬೀಸಣಿಗೆ, ಕೊನೆಗೆ ಗೊಬ್ಬರ ಮಾಡುತ್ತಿದ್ದ ಅಜ್ಜನಿಗೆ ಇದನ್ನು ಹೇಗೆ ವಿವರಿಸುತ್ತಿದ್ದೆನೋ!

ಆ ಎರಡು ಪ್ಯಾಕೆಟ್ ಈಗ ಬಚ್ಚಲೊಲೆಯ ಹತ್ತಿರ ಒಣಗುತ್ತಿವೆ.